ಬ್ಯಾಂಕ್ ಕೆಲಸ ಬಿಟ್ಟು ಚುನಾವಣೆಗೆ ನಿಲ್ಲಬೇಕು ಅಂತಿದ್ದೀರಾ?

ಹೋದ ಸಂಚಿಕೆಯಲ್ಲಿ ಅಭ್ಯರ್ಥಿಗಳು ಚುನಾವಣಾ ಖರ್ಚಿನ ಲೆಕ್ಕ ಹೇಗೆ ಇಡಬೇಕು ಅಂತ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಬಹಳಷ್ಟು ಬ್ಯಾಂಕ್, ಸೊಸೈಟಿ, ಆಡಿಟ್ ಆಫೀಸಿನವರದ್ದೇ. ದುಡ್ಡಿನ ಲೆಕ್ಕ ನಮಗೆ ಗೊತ್ತು, ರಾಜಕೀಯಕ್ಕೆ ಬರಬೇಕು ಅನ್ನಿಸ್ತಿದೆ, ಏನು ಮಾಡೋಣ ಅನ್ನೋದೇ ಎಲ್ಲರ ಪ್ರಶ್ನೆ. ಹಾಗಾಗಿ ಈ ಸಲ ಅಂಕಣ ಪೂರ್ತಿ ಅದಕ್ಕೇ ಇಟ್ಟಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಅದಕ್ಕೆ ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಸರ್, ನಾನು ಸರ್ಕಾರಿ ಬ್ಯಾಂಕೊಂದರಲ್ಲಿ ಸೀನಿಯರ್ ಮ್ಯಾನೇಜರ್. ವಯಸ್ಸು ನಲವತ್ತು ದಾಟಿದೆ. ಸಾಲಮನ್ನಾ, ಸಬ್ಸಿಡಿ, ಸ್ವಸಹಾಯ ಸಂಘಗಳ ಸಾಲ, ಎಲ್ಲ ಹತ್ತಿರದಿಂದ ನೋಡಿದ್ದೇನೆ. ಜನರ ದುಡ್ಡು ಎಲ್ಲಿ ಸೋರಿಹೋಗುತ್ತದೆ ಅಂತ ಗೊತ್ತಿದೆ. ಮುಂದಿನ ವಿಧಾನಸಭೆ ಚುನಾವಣೆಗೆ ನಿಲ್ಲಬೇಕು ಅಂತ ಆಸೆ. ಈಗಲೇ ರಾಜೀನಾಮೆ ಕೊಡಲಾ, ಟಿಕೆಟ್ ಖಾತ್ರಿಯಾದ ಮೇಲೆ ಕೊಡಲಾ? (ದಾವಣಗೆರೆ)

ಉತ್ತರ: ಎರಡೂ ಬೇಡ. ಈಗಲೇ ಕೊಟ್ಟರೆ ಸಂಬಳ ಹೋಗುತ್ತದೆ, ಕೈಯಲ್ಲಿ ಏನೂ ಇರಲ್ಲ. ಟಿಕೆಟ್ ಬರಲಿ ಅಂತ ಕಾದರೆ ಕ್ಷೇತ್ರದಲ್ಲಿ ನಿಮ್ಮ ಮುಖ ಯಾರಿಗೂ ಗೊತ್ತಿರಲ್ಲ.

ಮೊದಲು ನಿಯಮ ಹೇಳಿಬಿಡುತ್ತೇನೆ. ಸರ್ಕಾರಿ ಬ್ಯಾಂಕ್ ಅಧಿಕಾರಿಗಳ 1976ರ ನಡತೆ ನಿಯಮಾವಳಿ ಪ್ರಕಾರ ನೀವು ರಾಜಕೀಯದಲ್ಲಿ ಸಕ್ರಿಯವಾಗಿ ತೊಡಗುವ ಹಾಗಿಲ್ಲ. ರಾಜಕೀಯ ಮೆರವಣಿಗೆಗೆ ಹೋಗುವ ಹಾಗಿಲ್ಲ. ವಿಧಾನಸಭೆ ಬಿಡಿ, ನಗರಸಭೆಗೂ ನಿಲ್ಲುವ ಹಾಗಿಲ್ಲ. ಪಕ್ಷದ ಶಾಲು ಹಾಕಿಕೊಂಡ ಒಂದು ಫೋಟೊ ಸಾಕು, ಚಾರ್ಜ್‌ಶೀಟ್ ಬರುತ್ತದೆ. ಜೊತೆಗೆ, ರಾಜೀನಾಮೆ ಪತ್ರ ಕೊಟ್ಟ ಮಾತ್ರಕ್ಕೆ ಆಗಲಿಲ್ಲ. ಅದು ಅಂಗೀಕಾರವಾಗಿ, ರಿಲೀವ್ ಆದ ಪತ್ರ ನಾಮಪತ್ರ ಪರಿಶೀಲನೆಯ ದಿನಕ್ಕಿಂತ ಮೊದಲೇ ನಿಮ್ಮ ಕೈಯಲ್ಲಿರಬೇಕು. ನೋಟಿಸ್ ಪಿರಿಯಡ್, ಬಾಕಿ ಇರುವ ವಿಚಾರಣೆ, ಸ್ಟಾಫ್ ಹೌಸಿಂಗ್ ಲೋನ್, ಎಲ್ಲ ಲೆಕ್ಕ ಹಾಕಿದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಕೆಲಸ ಬಿಟ್ಟ ಮೇಲೆ ಸ್ಟಾಫ್ ರೇಟಿನ ಬಡ್ಡಿ ಸಾಮಾನ್ಯವಾಗಿ ಉಳಿಯಲ್ಲ, ಅದನ್ನೂ ಎಚ್‌ಆರ್‌ನಲ್ಲಿ ಕೇಳಿಟ್ಟುಕೊಳ್ಳಿ.

ಈಗ ಅಸಲು ವಿಷಯ. ದುಡ್ಡು ಎಲ್ಲಿ ಸೋರುತ್ತದೆ ಅಂತ ನನಗೆ ಗೊತ್ತಿದೆ ಅಂದಿರಿ. ನಂಬುತ್ತೇನೆ. ಆದರೆ ಆ ಒಂದು ಕಾರಣಕ್ಕೆ ಜನ ವೋಟು ಹಾಕಲ್ಲ. ಮೀರಾ ಸನ್ಯಾಲ್ ಅಂತ ಒಬ್ಬರಿದ್ದರು. ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡಿನ ಭಾರತ ವಿಭಾಗದ ಮುಖ್ಯಸ್ಥರಾಗಿದ್ದ ದೊಡ್ಡ ಬ್ಯಾಂಕರ್. 2008ರ ಮುಂಬೈ ದಾಳಿಯ ನಂತರ, 2009ರಲ್ಲಿ ದಕ್ಷಿಣ ಮುಂಬೈನಿಂದ ಪಕ್ಷೇತರರಾಗಿ ಲೋಕಸಭೆಗೆ ನಿಂತರು. ಸೋತರು. ಆಮೇಲೆ ಬ್ಯಾಂಕ್ ಕೆಲಸವನ್ನೇ ಬಿಟ್ಟು 2014ರಲ್ಲಿ ಆಮ್ ಆದ್ಮಿ ಪಕ್ಷದಿಂದ ಅಲ್ಲೇ ನಿಂತರು. ಆಗಲೂ ಸೋತರು. ಪ್ರಾಮಾಣಿಕರು, ವಿಷಯ ತಿಳಿದವರು, ದೇಶದ ಹಣಕಾಸಿನ ಮುಖ್ಯ ಕೇಂದ್ರವೇ ಅವರ ಕ್ಷೇತ್ರ. ಅಲ್ಲೇ ಆಗಲಿಲ್ಲ. ಅದೇ ವರ್ಷ ನಮ್ಮ ಬೆಂಗಳೂರು ಸೆಂಟ್ರಲ್‌ನಲ್ಲಿ ಇನ್ಫೋಸಿಸ್‌ನ ಹಣಕಾಸು ಮುಖ್ಯಸ್ಥರಾಗಿದ್ದ ವಿ. ಬಾಲಕೃಷ್ಣನ್ ನಿಂತಿದ್ದರು. ಅವರೂ ಸೋತರು. ಅಷ್ಟೇ ಏಕೆ, ರಿಸರ್ವ್ ಬ್ಯಾಂಕ್ ಗವರ್ನರ್ ಆಗಿ, 1991ರಲ್ಲಿ ಹಣಕಾಸು ಮಂತ್ರಿಯಾಗಿ ದೇಶದ ಆರ್ಥಿಕತೆಯನ್ನೇ ಬದಲಿಸಿದ ಮನಮೋಹನ್ ಸಿಂಗ್ ಅವರು 1999ರಲ್ಲಿ ದಕ್ಷಿಣ ದೆಹಲಿಯಲ್ಲಿ ಸೋತರು. ಲೋಕಸಭೆಗೆ ಅವರು ನಿಂತದ್ದು ಅದೊಂದೇ ಸಲ.

ಗೆದ್ದವರನ್ನೂ ನೋಡಿ. ತಮಿಳುನಾಡಿನ ಪಳನಿವೇಲ್ ತ್ಯಾಗರಾಜನ್ ಲೆಹ್ಮನ್ ಬ್ರದರ್ಸ್, ಸ್ಟ್ಯಾಂಡರ್ಡ್ ಚಾರ್ಟರ್ಡ್‌ನಲ್ಲಿ ಇದ್ದವರು. 2016ರಲ್ಲಿ ಮದುರೈ ಸೆಂಟ್ರಲ್‌ನಲ್ಲಿ ಗೆದ್ದರು, 2021ರಲ್ಲಿ ಹಣಕಾಸು ಮಂತ್ರಿಯಾದರು, ಬಂದ ಕೆಲವೇ ತಿಂಗಳಲ್ಲಿ ರಾಜ್ಯದ ಸಾಲದ ಸ್ಥಿತಿ ಏನು ಅಂತ ಶ್ವೇತಪತ್ರ ತಂದರು. ಶ್ವೇತಪತ್ರ ತರೋಕೆ ಬ್ಯಾಂಕಿನ ಅನುಭವ ಖಂಡಿತ ನೆರವಾಗಿರುತ್ತದೆ. ಗೆಲ್ಲೋಕೆ ನೆರವಾಗಿದ್ದು ಬೇರೆ. ಅವರ ಅಜ್ಜ 1936ರಲ್ಲೇ ಮದ್ರಾಸ್ ಪ್ರಾಂತ್ಯದ ಸರ್ಕಾರದ ಮುಖ್ಯಸ್ಥರಾಗಿದ್ದರು, ತಂದೆ ವಿಧಾನಸಭೆಯ ಸ್ಪೀಕರ್ ಆಗಿದ್ದರು. ಮದುರೈಗೆ ಆ ಮನೆ ಹೊಸದಲ್ಲ.

ನಮ್ಮವರೇ ಆದ ಟಿ.ಎ. ಪೈ ಅವರನ್ನು ತೆಗೆದುಕೊಳ್ಳಿ. ಸಿಂಡಿಕೇಟ್ ಬ್ಯಾಂಕಿನ ಮುಖ್ಯಸ್ಥರಾಗಿದ್ದರು, ಭಾರತೀಯ ಆಹಾರ ನಿಗಮದ ಮೊದಲ ಅಧ್ಯಕ್ಷರಾಗಿದ್ದರು, ಎಲ್‌ಐಸಿ ನೋಡಿಕೊಂಡರು. 1972ರಲ್ಲಿ ಕೇಂದ್ರದಲ್ಲಿ ರೈಲ್ವೆ ಮಂತ್ರಿಯಾದರು. 1977ರಲ್ಲಿ ಉಡುಪಿಯಿಂದ ಲೋಕಸಭೆಗೆ ಗೆದ್ದರು. ಅಷ್ಟು ಹೊತ್ತಿಗೆ ಆ ಜಿಲ್ಲೆಯಲ್ಲಿ ಅವರ ಬ್ಯಾಂಕಿನ ಪಾಸ್‌ಬುಕ್ ಇಲ್ಲದ ಮನೆ ಹುಡುಕಬೇಕಿತ್ತು.

ನಿಮ್ಮ ಕ್ಷೇತ್ರದ ಜನ ನಿಮ್ಮನ್ನು ಯಾಕೆ ನೆನಪಿಟ್ಟುಕೊಳ್ಳಬೇಕು? ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಕೆಇಬಿಗೆ ಯಾರು ಫೋನ್ ಮಾಡಿದರು, ಆಸ್ಪತ್ರೆಯಲ್ಲಿ ಬೆಡ್ ಸಿಗದಾಗ ಯಾರು ಬಂದು ನಿಂತರು, ವಿಧವಾ ವೇತನ ನಿಂತುಹೋದಾಗ ತಾಲ್ಲೂಕು ಕಚೇರಿಗೆ ಯಾರು ಜೊತೆಯಲ್ಲಿ ಬಂದರು, ಜನ ಲೆಕ್ಕ ಇಡೋದು ಇದನ್ನ. ಇದನ್ನು ಕೀಳಾಗಿ ನೋಡಬೇಡಿ. ಅವರ ಪಾಲಿಗೆ ಸರ್ಕಾರ ಅಂದರೆ ಅದೇ. ನೀವು ವರ್ಗಾವಣೆ ಮೇಲೆ ಊರೂರು ಸುತ್ತಿದವರು, ಸ್ವಂತ ಊರಲ್ಲಿ ಒಂದೇ ಕಡೆ ಎಷ್ಟು ವರ್ಷ ಇದ್ದಿರಿ ಅಂತ ನೀವೇ ಯೋಚಿಸಿ.

ಹಾಗಾದರೆ ಮಾಡೋದೇನು? ಕೆಲಸದಲ್ಲಿ ಇರುವಾಗಲೇ ನಿಮ್ಮೂರಿನ ಲೆಕ್ಕ ಓದೋಕೆ ಶುರು ಮಾಡಿ. ಪಕ್ಷದ ಹೆಸರಲ್ಲಿ ಅಲ್ಲ, ಬರೀ ನಾಗರಿಕನಾಗಿ. ನಗರಪಾಲಿಕೆಯ ಬಜೆಟ್ ಪುಸ್ತಕ ತೆಗೆದುಕೊಳ್ಳಿ. ನಿಮ್ಮ ವಾರ್ಡಿಗೆ ಅಂತ ಬರೆದದ್ದೆಷ್ಟು, ಬಿಡುಗಡೆಯಾದದ್ದೆಷ್ಟು, ಖರ್ಚಾದದ್ದೆಷ್ಟು ನೋಡಿ. ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿಯಲ್ಲಿ ನಿಮ್ಮ ಜಿಲ್ಲೆಯ ಹೆಸರು ಎಲ್ಲೆಲ್ಲಿ ಬಂದಿದೆ ಹುಡುಕಿ. ಅದರಲ್ಲಿ ಒಂದೇ ಒಂದು ವಿಷಯ ಹಿಡಿದು, ಅರ್ಥವಾಗುವ ಕನ್ನಡದಲ್ಲಿ ಅಕ್ಕಪಕ್ಕದವರಿಗೆ ಹೇಳಿ. ಕುಡಿಯುವ ನೀರಿನ ಬಿಲ್ ಯಾಕೆ ಹೀಗಿದೆ ಅಂತ ನೀವು ಹತ್ತು ಮನೆಯವರಿಗೆ ಬಿಡಿಸಿ ಹೇಳಬಲ್ಲಿರಾದರೆ ಹನ್ನೊಂದನೇ ಮನೆಯವರು ತಾವೇ ಕರೆಯುತ್ತಾರೆ. ಇದನ್ನು ಮಾಡಿ ನೋಡಿದ ಮೇಲೂ ಆಸೆ ಹಾಗೇ ಇದ್ದರೆ ರಾಜೀನಾಮೆ ಮಾತು.

ದುಡ್ಡಿನ ವಿಷಯ ಮುಚ್ಚಿಡಲ್ಲ. ವಿಧಾನಸಭೆಗೆ ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಅರ್ಧ. ಬಿದ್ದ ಸಿಂಧು ಮತಗಳಲ್ಲಿ ಆರರಲ್ಲಿ ಒಂದು ಪಾಲು ಬರದಿದ್ದರೆ ಠೇವಣಿ ಹೋಯಿತು. ನಮ್ಮ ರಾಜ್ಯದಲ್ಲಿ ವಿಧಾನಸಭೆಯ ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿ 40 ಲಕ್ಷ. ಲೋಕಸಭೆಗೆ 95 ಲಕ್ಷ. ನಿಜವಾಗಿ ಎಷ್ಟು ಖರ್ಚಾಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ವೋಟಿಗೆ ನೋಟು ಕೊಡೋದು ಲಂಚ, ಕಾನೂನಿನಲ್ಲೂ ಹಾಗೇ ಬರೆದಿದೆ. ಆ ದಾರಿ ನಾನು ಯಾರಿಗೂ ಹೇಳಿಕೊಡಲ್ಲ. ಆ ದುಡ್ಡು ಕೊಟ್ಟು ಗೆದ್ದವರು ಅದನ್ನು ವಾಪಸ್ ತೆಗೆಯೋದು ನೀವು ಈಗ ದೂರುತ್ತಿರುವ ಅದೇ ಸೋರಿಕೆಯಿಂದ.

ಪ್ರಶ್ನೆ: ನಾನು ಸಹಕಾರಿ ಸೊಸೈಟಿಯ ಪಿಗ್ಮಿ ಕಲೆಕ್ಷನ್ ಮಾಡುತ್ತೇನೆ. ಓದಿದ್ದು ಪಿಯುಸಿ. ಪೇಟೆಯ ಅಂಗಡಿಯವರು, ಮೀನು ಮಾರುವ ಹೆಂಗಸರು, ಹೋಟೆಲಿನವರು ಎಲ್ಲರೂ 'ಈ ಸಲ ಪಂಚಾಯ್ತಿಗೆ ನೀನೇ ನಿಲ್ಲು ಮಾರಾಯ್ತಿ' ಅಂತಿದ್ದಾರೆ. ನನ್ನಂಥವಳು ನಿಲ್ಲಬಹುದಾ? ಕೆಲಸ ಹೋಗುತ್ತದಾ? (ಕುಂದಾಪುರದ ಹತ್ತಿರದ ಹಳ್ಳಿ)

ಉತ್ತರ: ಅಕ್ಕ, ಈ ಸಲ ಬಂದ ಪತ್ರಗಳಲ್ಲಿ ಗೆಲ್ಲುವ ಅವಕಾಶ ಅತಿ ಹೆಚ್ಚು ಇರೋದು ನಿಮಗೇ ಅಂತ ನನ್ನ ಅಂದಾಜು. ಸುಮ್ನೆ ಹೊಗಳುತ್ತಿಲ್ಲ.

ನಿಮ್ಮ ಕೆಲಸ ಹುಟ್ಟಿದ್ದೇ ನಿಮ್ಮ ಜಿಲ್ಲೆಯಲ್ಲಿ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿದ್ದು, 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಉಳಿಸುವವರ ಮನೆ ಬಾಗಿಲಿಗೇ ಏಜೆಂಟ್ ಹೋಗುತ್ತಿದ್ದ. ಇಷ್ಟು ವರ್ಷವಾದರೂ ಆ ಪದ್ಧತಿ ಉಳಿದಿದೆ ಅಂದರೆ ಕಾರಣ ಒಂದೇ, ದಿನಾ ಬರುವ ಮನುಷ್ಯನ ಮೇಲಿನ ನಂಬಿಕೆ. ಯಾರ ವ್ಯಾಪಾರ ಬಿದ್ದಿದೆ, ಯಾರ ಮನೆಯಲ್ಲಿ ಮದುವೆ ಇದೆ, ಯಾರು ಎರಡು ವಾರದಿಂದ ಕಟ್ಟಿಲ್ಲ, ಇದೆಲ್ಲ ನಿಮಗೆ ಗೊತ್ತು. ದಾವಣಗೆರೆಯ ಮ್ಯಾನೇಜರ್ ಸಾಹೇಬರು ಇದನ್ನು ಈಗ ಮೊದಲಿನಿಂದ ಸಂಪಾದಿಸಬೇಕು.

ನಿಲ್ಲಬಹುದಾ ಅಂದರೆ, ಇಪ್ಪತ್ತೊಂದು ವರ್ಷ ತುಂಬಿ ಆ ಪಂಚಾಯ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಪಿಯುಸಿ ಧಾರಾಳ ಆಯಿತು. ಗ್ರಾಮ ಪಂಚಾಯ್ತಿಗೆ ಪಕ್ಷದ ಚಿಹ್ನೆ ಇಲ್ಲ, ಹಾಗಾಗಿ ಯಾರ ಟಿಕೆಟ್‌ಗೂ ಕಾಯಬೇಕಿಲ್ಲ. ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ಆದರೆ ನಿಮ್ಮ ಕ್ಷೇತ್ರ ಯಾವ ವರ್ಗಕ್ಕೆ ಬಂದಿದೆ ಅಂತ ಮೀಸಲಾತಿ ಪಟ್ಟಿ ಬಂದ ಮೇಲೆ ನೋಡಿ, ಪ್ರತಿ ಸಲ ಬದಲಾಗುತ್ತದೆ. ಇನ್ನು ಕೆಲಸ. ನೀವು ಕಮಿಷನ್ ಏಜೆಂಟಾ, ಸೊಸೈಟಿಯ ಸಿಬ್ಬಂದಿಯಾ ಅನ್ನೋದು ನಿಮ್ಮ ನೇಮಕ ಪತ್ರದಲ್ಲಿ ಇರುತ್ತದೆ. ಸೊಸೈಟಿಯ ಬೈಲಾ ಕೇಳಿ ತೆಗೆದುಕೊಂಡು ಓದಿ. ಸೆಕ್ರೆಟರಿ ಹತ್ತಿರ ಬಾಯಿಮಾತಲ್ಲಿ ಕೇಳಬೇಡಿ. ಬರೆದು ಕೊಟ್ಟು ಬರಹದಲ್ಲೇ ಉತ್ತರ ತೆಗೆದುಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕಲೆಕ್ಷನ್ ಮೆಷಿನ್ ಕೈಯಲ್ಲಿರುವಾಗ ವೋಟು ಕೇಳಬೇಡಿ. ಆ ಹೊತ್ತಲ್ಲಿ ನೀವು ಅವರ ದುಡ್ಡಿನ ಕಾವಲಿಗೆ ಇರುವವರು. ಎದುರಿಗಿರುವವರಿಗೆ 'ಇಲ್ಲ' ಅನ್ನಲು ಕಷ್ಟವಾಗುತ್ತದೆ. ಖಾತೆದಾರರ ಫೋನ್ ನಂಬರಿನ ಪಟ್ಟಿ ಸೊಸೈಟಿಯದ್ದು, ಅದನ್ನು ಪ್ರಚಾರಕ್ಕೆ ಬಳಸಬೇಡಿ. ಸಾಧ್ಯವಾದರೆ ಪ್ರಚಾರದ ದಿನಗಳಲ್ಲಿ ನಿಮ್ಮ ಲೈನನ್ನು ಬೇರೆಯವರಿಗೆ ಬಿಟ್ಟುಕೊಡಿ. ಬಿಟ್ಟುಕೊಡುವ ಮುಂಚೆ ಎಲ್ಲರ ಪಾಸ್‌ಬುಕ್ಕು ಟ್ಯಾಲಿ ಮಾಡಿ ಸಹಿ ತೆಗೆದುಕೊಳ್ಳಿ. ಚುನಾವಣೆ ಬಂದಾಗ ಮೊದಲು ಎಬ್ಬಿಸೋ ಗುಲ್ಲೇ 'ದುಡ್ಡು ಹೊಡೆದಿದ್ದಾಳೆ' ಅನ್ನೋದು. ನಿಮ್ಮ ಪುಸ್ತಕ ಸರಿಯಿದ್ದರೆ ಅದು ಒಂದು ದಿನವೂ ನಿಲ್ಲಲ್ಲ.

ಗೆದ್ದ ಮೇಲೆ ಏನು ಮಾಡಬಹುದು ಅಂತ ಹೇಳಿದರೆ ಧೈರ್ಯ ಬರುತ್ತದೆ. ನಮ್ಮ ಪಂಚಾಯ್ತಿಗಳಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ಆಗಬೇಕು, ಅಂದರೆ ಹಿಂದಿನ ವರ್ಷದ ಜಮಾ-ಖರ್ಚು ಊರವರ ಮುಂದೆ ಇಟ್ಟು, ಕಾಮಗಾರಿ ನೋಡಿ ಬರೋದು. ಬಹಳ ಕಡೆ ಫೋಟೊ ತೆಗೆದು, ಟೀ ಕುಡಿದು ಮುಗಿಸುತ್ತಾರೆ. ನೀವು ಹಾಗೆ ಬಿಡಬೇಡಿ. ಒಂದು ಚರಂಡಿ ಕೆಲಸ ಆರಿಸಿಕೊಳ್ಳಿ. ಅದರ ಬಿಲ್, ವೋಚರ್, ಎಂ.ಬಿ. ಪುಸ್ತಕ ಮೂರನ್ನೂ ಕೇಳಿ. ಎಂ.ಬಿ. ಪುಸ್ತಕದಲ್ಲಿ ಇಂಜಿನಿಯರು ಉದ್ದ, ಅಗಲ, ಆಳ ಬರೆದಿರುತ್ತಾರೆ. ಟೇಪು ಹಿಡಿದು ಹೋಗಿ ಅಳೆಯಿರಿ. ಪುಸ್ತಕದಲ್ಲಿ ನೂರು ಮೀಟರ್ ಇದ್ದು ನೆಲದ ಮೇಲೆ ಎಂಬತ್ತಿದ್ದರೆ ಅಲ್ಲೇ, ಎಲ್ಲರ ಎದುರಿಗೇ, ಬರೆಸಿ. ಅಧ್ಯಕ್ಷೆಯಾದರಂತೂ ಪಿಡಿಒ ಜೊತೆ ಹಣ ಪಾವತಿಗೆ ನಿಮ್ಮ ಸಹಿಯೂ ಬೇಕು. ಈಗ ಅದು ಡಿಜಿಟಲ್ ಸಹಿ, ಡೋಂಗಲ್ ಅನ್ನುವ ಪೆನ್‌ಡ್ರೈವಿನಂಥ ಸಾಧನದಲ್ಲಿ ಇರುತ್ತದೆ. ಆ ಡೋಂಗಲ್ ನಿಮ್ಮ ಹತ್ತಿರವೇ ಇರಬೇಕು. ಗಂಡನ ಹತ್ತಿರ ಅಲ್ಲ, ಪಿಡಿಒ ಡ್ರಾಯರಿನಲ್ಲೂ ಅಲ್ಲ. ದಿನಾ ಸಂಜೆ ಚಿಲ್ಲರೆ ಸಮೇತ ಲೆಕ್ಕ ಒಪ್ಪಿಸುವವರು ನೀವು, ಇದು ನಿಮಗೆ ಕಷ್ಟವೇ ಅಲ್ಲ.

ಸಹಕಾರಿ ಸಂಘದಿಂದ ರಾಜಕೀಯಕ್ಕೆ ಹೋಗೋದು ನಮ್ಮಲ್ಲಿ ಹಳೆಯ ದಾರಿ. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದಾಗಿನಿಂದ ಊರಿನ ಸೊಸೈಟಿ, ಜಿಲ್ಲೆಯ ಡಿಸಿಸಿ ಬ್ಯಾಂಕ್, ರಾಜ್ಯದ ಅಪೆಕ್ಸ್ ಬ್ಯಾಂಕ್ ಅಂತ ಮೆಟ್ಟಿಲು ಬೆಳೆದಿದೆ. ತುಮಕೂರಿನ ಕೆ.ಎನ್. ರಾಜಣ್ಣ ಡಿಸಿಸಿ ಬ್ಯಾಂಕು ನಡೆಸಿ, ಅಪೆಕ್ಸ್ ಬ್ಯಾಂಕಿನ ಅಧ್ಯಕ್ಷರಾಗಿ, 2023ರಲ್ಲಿ ಸಹಕಾರ ಸಚಿವರೇ ಆದರು. ಈ ದಾರಿಯಲ್ಲಿ ಸಾಲ ಕೊಟ್ಟು ವೋಟು ಕಟ್ಟುವ ಕೆಟ್ಟ ಅಭ್ಯಾಸವೂ ಇದೆ. ಅದನ್ನು ನೀವು ನೋಡಿಯೇ ಇರುತ್ತೀರಿ.

ಪ್ರಶ್ನೆ: ಸಿಎ ಇಂಟರ್ ಮುಗಿಸಿದ್ದೇನೆ. ಚುನಾವಣೆಗೆ ನಿಲ್ಲುವ ಆಸೆ ಇಲ್ಲ, ಆದರೆ ಬಜೆಟ್, ತೆರಿಗೆ ವಿಷಯದಲ್ಲಿ ರಾಜಕೀಯದವರ ಜೊತೆ ಕೆಲಸ ಮಾಡಬೇಕು. ದಾರಿ ಇದೆಯಾ? (ಹುಬ್ಬಳ್ಳಿ)

ಉತ್ತರ: ಇದೆ. ಎರಡು ಹೇಳುತ್ತೇನೆ. ದೆಹಲಿಯ ಪಿಆರ್‌ಎಸ್ ಸಂಸ್ಥೆ ಲ್ಯಾಂಪ್ ಅನ್ನುವ ಫೆಲೋಶಿಪ್ ನಡೆಸುತ್ತದೆ. ಯುವಕ ಯುವತಿಯರನ್ನು ಒಬ್ಬೊಬ್ಬ ಸಂಸದರ ಜೊತೆ ಕೆಲಸಕ್ಕೆ ಹಾಕುತ್ತಾರೆ. ಪ್ರಶ್ನೆ ಬರೆಯೋದು, ಮಸೂದೆ ಓದೋದು, ಬಜೆಟ್ ಭಾಷಣಕ್ಕೆ ಅಂಕಿ ಅಂಶ ಕೊಡೋದು. ವಯಸ್ಸಿನ ಮಿತಿ ಇದೆ, ತಡ ಮಾಡಬೇಡಿ.

ಇನ್ನೊಂದು, ಅಭ್ಯರ್ಥಿಯ ಖರ್ಚಿನ ಲೆಕ್ಕ ಬರೆಯುವ ಕೆಲಸ. ನಾನು ಇದನ್ನು ಮಾಡಿದ್ದೇನೆ, ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಚುನಾವಣಾ ಆಯೋಗ ಕೊಡುವ ರಿಜಿಸ್ಟರಿನಲ್ಲಿ ಮೂರು ಬಣ್ಣದ ಹಾಳೆ ಇರುತ್ತವೆ. ಬಿಳಿಯಲ್ಲಿ ದಿನದ ಖರ್ಚು, ಗುಲಾಬಿಯಲ್ಲಿ ನಗದು, ಹಳದಿಯಲ್ಲಿ ಬ್ಯಾಂಕು. ಚುನಾವಣೆಗೆ ಅಂತಲೇ ಬೇರೆ ಖಾತೆ ತೆರೆಯಬೇಕು. ಕುರ್ಚಿ, ಶಾಮಿಯಾನ, ಟೀ, ಊಟ, ಎಲ್ಲಕ್ಕೂ ಜಿಲ್ಲಾ ಚುನಾವಣಾಧಿಕಾರಿ ದರಪಟ್ಟಿ ಹೊರಡಿಸುತ್ತಾರೆ. ನೀವು ಕುರ್ಚಿಗೆ ಎಷ್ಟು ಕಡಿಮೆ ಬಾಡಿಗೆ ಬರೆದರೂ ಅವರು ತಮ್ಮ ದರದಲ್ಲೇ ಲೆಕ್ಕ ಹಾಕುತ್ತಾರೆ. ನಿಮ್ಮ ಸಭೆಗೆ ವಿಡಿಯೊ ತಂಡ ಬಂದು ಕುರ್ಚಿ ಎಣಿಸಿ, ಇನ್ನೊಂದು ನೆರಳು ಲೆಕ್ಕದ ಪುಸ್ತಕ ಬರೆದಿಟ್ಟಿರುತ್ತದೆ. ಪ್ರಚಾರದ ಮಧ್ಯೆ ಮೂರು ಸಲವಾದರೂ ಖರ್ಚಿನ ವೀಕ್ಷಕರ ಮುಂದೆ ರಿಜಿಸ್ಟರ್ ಇಡಬೇಕು. ಆಗ ಎರಡೂ ಪುಸ್ತಕ ಅಕ್ಕಪಕ್ಕ ತೆರೆದಿಟ್ಟು ಸಾಲು ಸಾಲಾಗಿ ನೋಡುತ್ತಾರೆ. ಫಲಿತಾಂಶ ಬಂದ 30 ದಿನದೊಳಗೆ ಪೂರ್ತಿ ಲೆಕ್ಕ ಕೊಡದಿದ್ದರೆ ಆಯೋಗ ಮೂರು ವರ್ಷ ಅನರ್ಹ ಮಾಡಬಹುದು. ಈ ಕೆಲಸವನ್ನು ಒಂದು ಚುನಾವಣೆಯಲ್ಲಿ ನೆಟ್ಟಗೆ ಮಾಡಿ, ರಾಜಕೀಯದಲ್ಲಿ ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಅಂತ ತಿಳಿಯುತ್ತದೆ. ಸುಳ್ಳು ಬಿಲ್ ಬರೆಯಿರಿ ಅಂದ ದಿನವೇ ಎದ್ದು ಬಂದುಬಿಡಿ, ನಿಮ್ಮ ಹೆಸರು ಇನ್ನೂ ಸಿಎ ಸಂಸ್ಥೆಯ ಪಟ್ಟಿಗೆ ಸೇರಬೇಕಿದೆ.

ಪ್ರಶ್ನೆ: ಇಲ್ಲಿ ಮಾರ್ಕ್ ಕಾರ್ನಿ ಚುನಾವಣೆಯನ್ನೇ ಎದುರಿಸದೆ ನೇರ ಪ್ರಧಾನಿಯಾದರು. ನಾನೂ ಬ್ಯಾಂಕಿನಲ್ಲಿದ್ದೇನೆ, ಕೆನಡಾ ಪೌರತ್ವ ಇದೆ. ಇಲ್ಲಿ ಪ್ರಯತ್ನಿಸಲಾ, ಊರಿಗೆ ಬಂದು ನಿಲ್ಲಲಾ? (ಒಟ್ಟಾವ)

ಉತ್ತರ: ಊರಿನ ಮಾತು ಬಿಡಿ. ಕೆನಡಾ ಪೌರತ್ವ ತೆಗೆದುಕೊಂಡಾಗಲೇ ಭಾರತದ್ದು ಹೋಯಿತು. ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಇಲ್ಲಿ ವೋಟು ಹಾಕುವ ಹಾಗಿಲ್ಲ, ನಿಲ್ಲುವ ಹಾಗೂ ಇಲ್ಲ.

ಕಾರ್ನಿ ಅವರ ಉದಾಹರಣೆ ಎಲ್ಲರಿಗೂ ಆಗಲ್ಲ. ಗೋಲ್ಡ್‌ಮನ್ ಸ್ಯಾಕ್ಸ್‌ನಿಂದ ಬಂದು, ಬ್ಯಾಂಕ್ ಆಫ್ ಕೆನಡಾ, ಬ್ಯಾಂಕ್ ಆಫ್ ಇಂಗ್ಲೆಂಡ್ ಎರಡರ ಗವರ್ನರ್ ಆಗಿದ್ದವರು. 2025ರ ಮಾರ್ಚ್‌ನಲ್ಲಿ ಪಕ್ಷದ ನಾಯಕರಾಗಿ ಆಯ್ಕೆಯಾಗಿ ಪ್ರಧಾನಿಯಾದರು, ಏಪ್ರಿಲ್‌ನಲ್ಲಿ ನೆಪಿಯನ್ ಕ್ಷೇತ್ರದಿಂದ ಗೆದ್ದರು. ಆ ನೆಪಿಯನ್ ಯಾರದ್ದಾಗಿತ್ತು ಗೊತ್ತಲ್ವಾ? ನಮ್ಮ ಶಿರಾ ತಾಲ್ಲೂಕಿನ ಚಂದ್ರ ಆರ್ಯ ಅವರದ್ದು. 2015ರಿಂದ ಮೂರು ಸಲ ಗೆದ್ದಿದ್ದರು. 2022ರಲ್ಲಿ ಅಲ್ಲಿನ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದ್ದನ್ನು ನಾವೆಲ್ಲ ಹೆಮ್ಮೆಯಿಂದ ನೋಡಿದ್ದೆವು. ಚುನಾವಣೆ ಹತ್ತಿರ ಬಂದಾಗ ಪಕ್ಷ ಅವರ ಉಮೇದುವಾರಿಕೆ ವಾಪಸ್ ಪಡೆಯಿತು, ಕಾರ್ನಿ ಅಲ್ಲಿ ನಿಂತರು. ಹತ್ತು ವರ್ಷ ಸಂಸದರಾಗಿದ್ದವರಿಗೇ ಹೀಗಾಗಬಹುದಾದರೆ, ಕ್ಷೇತ್ರದಲ್ಲಿ ಪಕ್ಷದ ಕೆಲಸ ಮಾಡದೆ ನೀವು ಟಿಕೆಟ್ ಕೇಳೋದು ಸರಿಯಾಗಲ್ಲ. ಈಗಲೇ ನಿಮ್ಮ ಕ್ಷೇತ್ರದ ಪಕ್ಷದ ಸಂಘಕ್ಕೆ ಸದಸ್ಯರಾಗಿ. ಬೇರೆಯವರ ಪ್ರಚಾರಕ್ಕೆ ಒಂದು ಸಲ ಮನೆ ಮನೆ ಸುತ್ತಿ.

ಪ್ರಶ್ನೆ: ಹಣಕಾಸು ಓದದೇ ಇರುವವರು ಬಜೆಟ್ ಮಂಡಿಸುತ್ತಾರಲ್ಲ, ಇದು ಸರಿಯಾ? (ಹಾಸನ)

ಉತ್ತರ: ಸರಿಯೇ. ಸಿದ್ದರಾಮಯ್ಯನವರು ವಕೀಲರು. ಮೊದಲ ಸಲ ಹಣಕಾಸು ಮಂತ್ರಿಯಾದಾಗ, ನೂರು ಕುರಿ ಎಣಿಸಲು ಬರದವನು ಹಣಕಾಸು ಮಂತ್ರಿಯಾ ಅಂತ ಆಡಿಕೊಂಡಿದ್ದರು ಎಂದು ಅವರೇ ಹೇಳಿಕೊಂಡಿದ್ದಾರೆ. 2025ರಲ್ಲಿ ಮಂಡಿಸಿದ್ದು ಅವರ 16ನೇ ಬಜೆಟ್. ಲೆಕ್ಕ ಬರೆಯೋಕೆ ಅಧಿಕಾರಿಗಳಿದ್ದಾರೆ. ಯಾರಿಗೆ ಎಷ್ಟು ಕೊಡಬೇಕು ಅಂತ ತೀರ್ಮಾನಿಸಿ, ಅದಕ್ಕೆ ಜನರ ಮುಂದೆ ಉತ್ತರ ಕೊಡೋದು ಮಂತ್ರಿಯ ಕೆಲಸ.

ಪ್ರಶ್ನೆ: ನನ್ನ ಗಂಡ ದೊಡ್ಡ ಕಂಪನಿಯೊಂದರಲ್ಲಿ ಫೈನಾನ್ಸ್ ಮ್ಯಾನೇಜರ್. ಕೆಲಸ ಬಿಟ್ಟು ಚುನಾವಣೆಗೆ ನಿಲ್ಲುತ್ತೇನೆ ಅಂತಿದ್ದಾರೆ. ಮನೆ ಅಡ ಇಡುವ ಮಾತೂ ಬಂದಿದೆ. ನನ್ನ ಒಡವೆ, ಸಂಬಳ ಎಲ್ಲ ಪಬ್ಲಿಕ್ ಆಗುತ್ತದಂತೆ, ನಿಜವಾ? (ಮೈಸೂರು)

ಉತ್ತರ: ನಿಜ. ನಾಮಪತ್ರದ ಜೊತೆ ಫಾರಂ 26 ಅಂತ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಅವರದ್ದಷ್ಟೇ ಅಲ್ಲ, ನಿಮ್ಮದೂ ಇರುತ್ತದೆ. ಐದು ವರ್ಷದ ಆದಾಯ, ಬ್ಯಾಂಕಿನಲ್ಲಿರುವ ದುಡ್ಡು, ಶೇರು, ಎಲ್‌ಐಸಿ, ಚಿನ್ನದ ತೂಕ ಮತ್ತು ಬೆಲೆ, ಸೈಟು, ಸಾಲ, ಅವಲಂಬಿತ ಮಕ್ಕಳ ಹೆಸರಲ್ಲಿ ಇರೋದು, ಎಲ್ಲ. ಅದು ಆಯೋಗದ ವೆಬ್‌ಸೈಟಿನಲ್ಲಿ ಬರುತ್ತದೆ, ಯಾರು ಬೇಕಾದರೂ ನೋಡಬಹುದು. ಮತದಾರರ ಹಕ್ಕಿನ ದೃಷ್ಟಿಯಿಂದ ಇದು ತೀರಾ ಬೇಕಾದ ಕಾನೂನು, ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಚುನಾವಣೆಗೆ ನಿಲ್ಲುವವರು ಅವರು. ನಿಮ್ಮನ್ನು ಕೇಳದೆ ತೀರ್ಮಾನ ಮಾಡುವ ಹಕ್ಕು ಅವರಿಗಿಲ್ಲ.

ಮನೆ ಅಡ ಇಡಬೇಡಿ. ಸೋತರೆ ಸಾಲ ಉಳಿಯುತ್ತದೆ, ಗೆದ್ದರೂ ಉಳಿಯುತ್ತದೆ. ಶಾಸಕರ ಸಂಬಳ, ಭತ್ಯೆ ನಂಬಿಕೊಂಡು ಅದನ್ನು ತೀರಿಸುತ್ತೇನೆ ಅಂದರೆ ಆಗದ ಮಾತು. ಆಗ ಕಂಟ್ರಾಕ್ಟರು ಸಹಾಯ ಮಾಡಲು ತಾವಾಗೇ ಬರುತ್ತಾರೆ. ಮನೆ ಜಂಟಿ ಹೆಸರಲ್ಲಿದ್ದರೆ ನಿಮ್ಮ ಸಹಿ ಇಲ್ಲದೆ ಅಡಮಾನ ಆಗಲ್ಲ, ಸಹಿ ಹಾಕಬೇಡಿ. ಗ್ಯಾರಂಟಿದಾರರಾಗಿಯೂ ಸಹಿ ಬೇಡ. ಬೇರೆ ಉಳಿತಾಯದಲ್ಲಿ ಮಕ್ಕಳ ಫೀಸು, ಎರಡು ವರ್ಷದ ಮನೆ ಖರ್ಚು, ಆರೋಗ್ಯ ವಿಮೆ ಬದಿಗಿಡಿ. ಕಂಪನಿಯ ಗುಂಪು ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಉಳಿದದ್ದರಲ್ಲಿ ಎಷ್ಟು ಅಂತ ಇಬ್ಬರೂ ಕೂತು ಮಾತಾಡಿ.

ಫಾರಂ 26 ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತದೆ, ಪ್ರಿಂಟ್ ತೆಗೆಯಿರಿ. ನಿಮ್ಮ ಕಾಲಂ ನೀವೇ ತುಂಬಿ, ಅವರ ಕಾಲಂ ಅವರಿಗೆ ಕೊಡಿ. ಸಾಲದ ಕಾಲಂನಲ್ಲಿ ಅವರು ಇದುವರೆಗೆ ನಿಮಗೆ ಹೇಳದೇ ಇರುವ ಯಾವುದಾದರೂ ಅಂಕಿ ಇದ್ದರೆ, ಟಿಕೆಟ್ಟಿನ ಮಾತಿಗಿಂತ ಮೊದಲು ಅದರ ಮಾತು ಮುಗಿಸಿ.